ತಲೆಯಿಲ್ಲದ ಪದಗಳು

ಜುಲೈ ತಿಂಗಳ ಒಂದು ಸಂಜೆ, ನನಗೆ ಅನುವಾದದ ಕೆಲಸ ಕೊಡುವ ಸಂಸ್ಥೆಯೊಂದರಿಂದ ಇಮೇಲ್ ಬಂತು. ಆರೋಗ್ಯ ಕಾರ್ಯಕರ್ತೆಯರ ಕೈಪಿಡಿಯೊಂದರ ಮೊದಲ ಐದು ಅಧ್ಯಾಯಗಳನ್ನು ಅವರಿಗೆ ಕಳಿಸಿದ್ದೆ. ಭಾಷೆಯ ಬಗ್ಗೆ ದೂರೇನೂ ಇರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಪ್ರತಿ ಭಾಗದ ಕೊನೆಗೆ ಇವೇನು? ಕೆಳಗೆ ಪಟ್ಟಿ ಅಂಟಿಸಿದ್ದರು. ‘ತ್ತು’. ‘ವರಿಗೆ’. ‘ಳ’. ಒಂದು ಕಡೆ ಬರೀ ಕೊಂಬು, ಹಿಡಿಯಲು ವ್ಯಂಜನವಿಲ್ಲದೆ ಚುಕ್ಕಿಗಳ ವೃತ್ತಕ್ಕೆ ನೇತುಬಿದ್ದು, ಅದರ ಹಿಂದೆ ‘ಸಿಗೆ’.

ಇದು ಅಪ್ಪನ ಕೆಲಸ ಎಂದು ನನಗೆ ಆ ಕ್ಷಣಕ್ಕೇ ಖಾತ್ರಿಯಾಯಿತು.

ಅಪ್ಪ ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಮೊಳೆ ಜೋಡಿಸುವ ಕಾಲದಲ್ಲಿ ಸೇರಿ, ಕಂಪ್ಯೂಟರ್ ಬಂದ ಮೇಲೂ ಕೆಂಪು ಪೆನ್ನು ಬಿಡದೆ ನಿವೃತ್ತರಾದರು. ಅಮ್ಮ ಹೋದ ಮೇಲೆ, ಎರಡು ವರ್ಷದ ಹಿಂದೆ, ಪುಣೆಗೆ ನನ್ನ ಹತ್ತಿರ ಬಂದರು. ನಾನು ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಲು ಬಂದು ಇಲ್ಲೇ ಉಳಿದವಳು. ಮನೆಯಲ್ಲೇ ಕೂತು ಅನುವಾದ ಮಾಡುತ್ತೇನೆ. ಬಂದ ಮೂರನೇ ವಾರಕ್ಕೆ ಅಪ್ಪ ನನ್ನ ಪುಟವೊಂದನ್ನು ಹಿಂದಿನಿಂದ ಬಗ್ಗಿ ಓದಿ, “ಇದರಾಗ ನಾಕು ತಪ್ಪದಾವು ನೋಡವಾ” ಅಂದರು. ನಾಲ್ಕೇ ಇದ್ದವು. ಅಂದಿನಿಂದ ನನ್ನ ಪ್ರೂಫ್ ಅವರೇ ನೋಡುತ್ತಾರೆ, ಪುಟಕ್ಕೆ ಎರಡು ರೂಪಾಯಿಯಂತೆ. ಹಣ ತೆಗೆದುಕೊಳ್ಳುವುದಿಲ್ಲ, ಆದರೆ ಲೆಕ್ಕ ಮಾತ್ರ ಸಣ್ಣ ನೋಟುಬುಕ್ಕಿನಲ್ಲಿ ದಿನವೂ ಬರೆದಿಡುತ್ತಾರೆ.

ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆದು ಕೊಡುತ್ತಿದ್ದೆ. ಒಂದು ವರ್ಷದ ಕೆಳಗೆ ಅವರೇ, “ಕಾಗದ ಯಾಕ ಸುಮ್ನ, ಸ್ಕ್ರೀನ್ ಮ್ಯಾಲೇ ತಿದ್ದತೇನಿ” ಅಂದರು. ಕಾಗದ ಉಳಿಸುವ ಮನುಷ್ಯ, ಅದಕ್ಕೇ ಅಂದರು ಎಂದುಕೊಂಡೆ. ಹಳೆಯ ಲ್ಯಾಪ್‌ಟಾಪಿಗೆ ದೊಡ್ಡ ಪರದೆಯೊಂದನ್ನು ಜೋಡಿಸಿ, ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಸಿದೆ. ಒಂದೇ ಬೆರಳಿನಲ್ಲಿ, ಕೀಲಿಮಣೆಯನ್ನೇ ನೋಡುತ್ತ ಹೊಡೆಯುತ್ತಾರೆ. ಮೌಸ್ ಅವರಿಗೆ ಪೆನ್ನಿನ ತುದಿ. ತಪ್ಪು ಕಂಡಲ್ಲಿ ಇಟ್ಟು ಒತ್ತುವುದು, ಕೀಲಿಮಣೆಗೆ ಕಣ್ಣು ತಿರುಗಿಸುವುದು, ತಿದ್ದುವುದು.

ಸಂಪಾದಕ ತಂತ್ರಾಂಶದ ಬಗ್ಗೆಯೂ ಹೇಳಬೇಕು, ಕಥೆ ಇರುವುದೇ ಅಲ್ಲಿ. ನಾನು ಬಳಸುವುದು ಟರ್ಮಿನಲ್ ಒಳಗೆ ನಡೆಯುವ ಒಂದು ಪುಟ್ಟ ಎಡಿಟರ್. ಕಪ್ಪು ಪರದೆ, ಅಕ್ಷರಗಳು, ಬೇರೇನೂ ಇಲ್ಲ. ಸಾಲ್ವತೋರೆ ಸಾನ್‌ಫಿಲಿಪ್ಪೊ ಎಂಬ ಇಟಲಿಯ ಪ್ರೋಗ್ರಾಮರ್ 2016ರಲ್ಲಿ ಸಾವಿರ ಸಾಲಿಗೂ ಕಡಿಮೆ ಸಿ ಭಾಷೆಯಲ್ಲಿ ‘ಕಿಲೋ’ ಎಂಬ ಎಡಿಟರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ಹಿಡಿದು ಸ್ವಂತ ಎಡಿಟರ್ ಕಟ್ಟಿಕೊಂಡವರು ಬಹಳ. ನನ್ನ ಗೆಳತಿಯೊಬ್ಬಳೂ ಕಟ್ಟಿದಳು. ನನಗಾಗಿ ಪರದೆಯನ್ನು ಎರಡು ಮಾಡಿಕೊಟ್ಟಳು: ಎಡಕ್ಕೆ 80 ಮನೆ ಅಗಲದಲ್ಲಿ ಇಂಗ್ಲಿಷ್ ಮೂಲ, ಬಲಕ್ಕೆ ಕನ್ನಡ, ಸಾಲಿಗೆ ಸಾಲು ಎದುರುಬದುರು. (ಟರ್ಮಿನಲ್ ಎಂದರೆ ಚೌಕಾಬಾರದ ಹಾಗೆ ಮನೆಗಳ ಹಾಸು. ಒಂದು ಮನೆಗೆ ಒಂದು ಅಕ್ಷರ ಎಂಬುದು ಅದನ್ನು ಮಾಡಿದವರ ನಂಬಿಕೆ. ಆ ನಂಬಿಕೆ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ.) ಎಡಭಾಗ ಓದಲಿಕ್ಕೆ ಮಾತ್ರ. ಅಲ್ಲಿ ಒತ್ತಿದರೆ ಕರ್ಸರ್ ಬಲಗಡೆ ಅದೇ ಸಾಲಿನ ಮೊದಲಿಗೆ ಬಂದು ನಿಲ್ಲುತ್ತದೆ. ಒಂದೊಂದು ಭಾಗವೂ ಒಂದೊಂದು ಕಡತ, ಮೂವತ್ತು ನಲವತ್ತು ಸಾಲು, ಕೊನೆಗೊಂದು ಖಾಲಿ ಸಾಲು. ಗೆಳತಿ ಆಮೇಲೆ ದೂರದ ದೇಶಕ್ಕೆ, ದೊಡ್ಡ ಕೆಲಸಕ್ಕೆ ಹೋದಳು. ಎಡಿಟರ್ ನನ್ನ ಪಾಲಿಗೆ ಉಳಿಯಿತು. ಕನ್ನಡ ಟೈಪಿಸಲು ಬರುವಂತೆ ಅದಕ್ಕೆ ಯುಟಿಎಫ್-8 ಓದುವುದನ್ನು ಕಲಿಸಿದವಳು ನಾನೇ. ಆ ಬಗ್ಗೆ ನನಗೆ ಸಣ್ಣ ಜಂಬವಿತ್ತು.

ಇಮೇಲ್ ಬಂದ ಸಂಜೆ ಅಪ್ಪನ ಎದುರು ಲ್ಯಾಪ್‌ಟಾಪ್ ತಿರುಗಿಸಿ, “ಅಪ್ಪಾ, ಒಂದೀಟು ಸ್ಕ್ರೀನ್ ನೋಡಿಕೋತ ಹೊಡೀಬಾರದ? ಇದನ್ನ ಹಿಂಗ ಕಳಿಸಿದ್ರ ನಾಳೆ ಕೆಲಸ ಯಾರು ಕೊಡತಾರ?” ಅಂದೆ. ದನಿ ಏರಿತ್ತು. ಅಪ್ಪ ಪಟ್ಟಿಯನ್ನು ಕನ್ನಡಕದ ಕೆಳಭಾಗದಿಂದ ಓದಿದರು. “ನಾ ಮತ್ತು ಅಂತ ಸರಿಯಾಗೇ ಬರದಿದ್ದೆ. ಮ ಎಲ್ಲಿ ಹೋತು?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಕೈ ಇನ್ನ ನಡಿಯಂಗಿಲ್ಲ ಬಿಡವಾ” ಎಂದು ಎದ್ದು ಬಾಲ್ಕನಿಗೆ ಹೋದರು. ಮರುದಿನ ಕೆಲಸಕ್ಕೆ ಕೂರಲಿಲ್ಲ. ಅದರ ಮರುದಿನವೂ ಇಲ್ಲ. ಪೇಪರ್ ಓದಿದರು, ಪಾರ್ಕಿಗೆ ಹೋಗಿ ಬಂದರು, ನಾನು ಕರೆದರೆ “ನೀನೇ ನೋಡವಾ, ಚಲೋ ನೋಡತಿ” ಅಂದರು.

ಐದು ಅಧ್ಯಾಯಗಳನ್ನು ನಾನೇ ತಿದ್ದಲು ಕೂತೆ. ಕಡತಗಳನ್ನು ಒಂದೊಂದಾಗಿ ತೆರೆದಾಗ, ಕೊನೆಯಲ್ಲಷ್ಟೇ ಅಲ್ಲ, ಕೆಲವುದರ ಮೊದಲಲ್ಲೂ ಕಸವಿತ್ತು. ಒಂದು ಚೌಕ ಕಂಸ, ಒಂದು ಇಂಗ್ಲಿಷಿನ ದೊಡ್ಡ ‘ಎಂ’, ತೆರಪು, ಒಂದು ಅಲ್ಪವಿರಾಮ. ಇನ್ನೊಂದರಲ್ಲಿ ಅದೇ ಕಂಸ, ಅದೇ ಎಂ, ಅಲ್ಪವಿರಾಮದ ಬದಲು ಅಡ್ಡಗೆರೆ.

ಅಪ್ಪನ ಕೀಲಿಮಣೆ ಯಾವಾಗಲೂ ಕನ್ನಡದಲ್ಲೇ ಇರುತ್ತದೆ. ಇಂಗ್ಲಿಷಿಗೆ ಬದಲಿಸುವುದು ಹೇಗೆಂದು ನಾನು ಹೇಳಿಕೊಟ್ಟೇ ಇಲ್ಲ. ಹಾಗಾದರೆ ಆ ಎಂ ಒತ್ತಿದವರು ಯಾರು?

ಎಂ.ಎ. ಓದುವಾಗ ನಮಗೆ ಪಿಟ್ ಕಾರ್ಡರ್ ಅವರ 1967ರ ಲೇಖನವೊಂದಿತ್ತು. ಎರಡನೇ ಭಾಷೆ ಕಲಿಯುವವರ ತಪ್ಪುಗಳಲ್ಲಿ ಎರಡು ಬಗೆ ಎನ್ನುತ್ತಾರೆ ಅವರು. ಒಂದು, ದಣಿವಿನಿಂದಲೋ ಗಡಿಬಿಡಿಯಿಂದಲೋ ಆಗುವ ಜಾರಿಕೆ. ಅದು ಎಲ್ಲೆಂದರಲ್ಲಿ ಆಗುತ್ತದೆ, ಅದಕ್ಕೆ ಕ್ರಮವಿಲ್ಲ. ಇನ್ನೊಂದು, ಮತ್ತೆ ಮತ್ತೆ ಒಂದೇ ರೀತಿಯಲ್ಲಿ ಆಗುವ ತಪ್ಪು. ಅದರ ಹಿಂದೆ ಒಂದು ನಿಯಮ ಕೆಲಸ ಮಾಡುತ್ತಿರುತ್ತದೆ, ನಾವು ಕಲಿಸಿದ ನಿಯಮವಲ್ಲ ಅಷ್ಟೆ. ಪರೀಕ್ಷೆಗೆ ಬರೆದು ಮರೆತಿದ್ದ ವಿಷಯ. ಇಮೇಲಿನ ಪಟ್ಟಿಯನ್ನು ಮತ್ತೆ ತೆಗೆದೆ. ಅಪ್ಪ ಬರೆಯಲು ಹೊರಟಿದ್ದ ಪದಗಳನ್ನು ಪಕ್ಕದಲ್ಲಿ ಬರೆದುಕೊಂಡೆ. ಮತ್ತು, ತ್ತು. ಅವರಿಗೆ, ವರಿಗೆ. ಕೂಸಿಗೆ, ಕೊಂಬಿನಿಂದಾಚೆಯದು. ಇಪ್ಪತ್ತಾರು ತುಣುಕುಗಳಲ್ಲಿ ಇಪ್ಪತ್ತಾರಕ್ಕೂ ಹೋಗಿದ್ದು ಒಂದೇ ಒಂದು ಸಂಕೇತ, ಅದೂ ಮೊದಲನೆಯದೇ. ‘ಳ’ ಒಂಟಿಯಾಗಿ ಉಳಿದದ್ದಕ್ಕೂ ಲೆಕ್ಕ ಸಿಕ್ಕಿತು: ಲ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿರುತ್ತಾರೆ, ಮಾಯವಾಗಿದ್ದು ಆ ಬ್ಯಾಕ್‌ಸ್ಪೇಸ್. ಅರವತ್ತೆಂಟು ವರ್ಷದ ಕೈ ತಪ್ಪಿದರೆ ಹೀಗೆ ತಪ್ಪುವುದಿಲ್ಲ. ನಡುವಿನ ಅಕ್ಷರ ಬಿಡುತ್ತದೆ, ಪಕ್ಕದ ಕೀಲಿ ಒತ್ತುತ್ತದೆ, ಒಂದನ್ನೇ ಎರಡು ಸಲ ಒತ್ತುತ್ತದೆ. ಇಲ್ಲಿ ವ್ಯಾಕರಣವಿತ್ತು.

ತಿದ್ದದೆ ಉಳಿದ ತಪ್ಪುಗಳನ್ನೂ ನೋಡಿದೆ. ಸಾಲಿನ ಮೊದಲ ಒಂದೆರಡು ಪದಗಳಲ್ಲಿ ಅಪ್ಪನ ತಿದ್ದುಪಡಿ ಸರಿಯಾಗಿ ಕೂತಿತ್ತು. ಅದರಾಚೆ ಒಂದೂ ಕೂತಿರಲಿಲ್ಲ. ಕನ್ನಡ ಶುರುವಾಗುವುದು 82ನೇ ಮನೆಯಿಂದ. ತಪ್ಪು ಶುರುವಾಗುವುದು ಎಲ್ಲಿಂದ ಎಂದು ನಾನೇ ಒಂದೊಂದು ಮನೆಯಲ್ಲಿ ಕ್ಲಿಕ್ ಮಾಡಿ ನೋಡಿದೆ. 95ರವರೆಗೆ ಸರಿ. 96ರಲ್ಲಿ ಒತ್ತಿದರೆ ಕರ್ಸರ್ ಅಲುಗಲಿಲ್ಲ. ‘ಕ’ ಹೊಡೆದೆ. ‘ಕ’ ಬರಲಿಲ್ಲ, ಕರ್ಸರ್ ನೇರ ಕಡತದ ಕೊನೆಯ ಸಾಲಿಗೆ ಹಾರಿತು.

ನಾನು ಯಾವತ್ತೂ ಈ ಎಡಿಟರಿನಲ್ಲಿ ಮೌಸ್ ಮುಟ್ಟಿದವಳಲ್ಲ. ಎಲ್ಲ ಬಾಣದ ಕೀಲಿಯಲ್ಲೇ. ಹಾಗಾಗಿ ಒಂದು ವರ್ಷ ನನಗೆ ಇದು ಕಾಣಲೇ ಇಲ್ಲ.

ಟರ್ಮಿನಲ್‌ಗೆ ಮೌಸ್ ಎಂದರೇನೆಂದು ಗೊತ್ತಿಲ್ಲ. 1978ರಲ್ಲಿ ಬಂದ ವಿಟಿ100 ಯಂತ್ರದಲ್ಲಿ ಇದ್ದದ್ದು ಕೀಲಿಮಣೆ ಮತ್ತು ಪರದೆ, ಅವೆರಡರ ನಡುವೆ ಅಕ್ಷರಗಳ ಓಡಾಟ. ನಾವಿಂದು ತೆರೆಯುವ ಟರ್ಮಿನಲ್ ಕಿಟಕಿಗಳೆಲ್ಲ ಅದರ ವೇಷ ಹಾಕಿದವು. 1980ರ ದಶಕದಲ್ಲಿ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಮೌಸನ್ನೂ ಒಳಗೆ ತರಬೇಕಾದಾಗ, ಇದ್ದ ಒಂದೇ ಬಾಗಿಲಿನಿಂದ ತಂದಿತು: ಕ್ಲಿಕ್ಕನ್ನೂ ಅಕ್ಷರಗಳನ್ನಾಗಿ ಮಾಡಿ, ಯಾರೋ ಟೈಪಿಸಿದರೋ ಎಂಬಂತೆ ಕಳಿಸುವುದು. ಬೆರಳಿಟ್ಟು ‘ಇಲ್ಲಿ’ ಎಂದು ತೋರಿಸಿದ್ದನ್ನು ಕುರುಡನಿಗೆ ‘ಹನ್ನೆರಡನೇ ಸಾಲು, ನೂರಾ ಹತ್ತನೇ ಮನೆ’ ಎಂದು ಬಾಯಲ್ಲಿ ಹೇಳಿದ ಹಾಗೆ. ಭಾಷೆಯಲ್ಲಿ ಇ, ಅ ಎಂದು ತೋರಿಸುವ ಪದಗಳು ನನಗೆ ಇಷ್ಟದ ವಿಷಯ. ಹಳಗನ್ನಡದಲ್ಲಿ ಇವಂ, ಅವಂ ಎರಡರ ನಡುವೆ ‘ಉವಂ’ ಎಂದೂ ಒಬ್ಬನಿದ್ದ, ಹತ್ತಿರವೂ ಅಲ್ಲದ ದೂರವೂ ಅಲ್ಲದವನು. ನಾವು ಅವನನ್ನು ಕಳೆದುಕೊಂಡೆವು. ಟರ್ಮಿನಲ್ಲಿಗೆ ಇ, ಅ ಕೂಡ ಇಲ್ಲ, ಸಂಖ್ಯೆ ಮಾತ್ರ.

ಸಂಖ್ಯೆಯನ್ನು ಹೇಳುವ ಹಳೆಯ ಕ್ರಮ ಹೀಗಿದೆ. ಎಸ್ಕೇಪ್, ಚೌಕ ಕಂಸ, ದೊಡ್ಡ ಎಂ: ಇದು ‘ಮೌಸ್ ಮಾತಾಡುತ್ತಿದೆ’ ಎಂಬ ಸೂಚನೆ. ಆಮೇಲೆ ಮೂರು ಬೈಟ್. ಯಾವ ಗುಂಡಿ, ಯಾವ ಮನೆ, ಯಾವ ಸಾಲು. ಆಸ್ಕಿಯ ಮೊದಲ 32 ಸ್ಥಾನಗಳು ಎಸ್ಕೇಪ್‌ನಂಥ ಆಜ್ಞೆಗಳಿಗೆ ಮೀಸಲು, ಅವುಗಳ ಜೊತೆ ಬೆರೆಯದಿರಲೆಂದು ಪ್ರತಿ ಸಂಖ್ಯೆಗೂ 32 ಸೇರಿಸಿ ಕಳಿಸುತ್ತಾರೆ. ಒಂದು ಬೈಟಿನಲ್ಲಿ 255ರವರೆಗೆ ಹಿಡಿಯುತ್ತದೆ, 32 ಕಳೆದರೆ 223. ಅಂದರೆ 223ನೇ ಮನೆಯ ಆಚೆ ಕ್ಲಿಕ್ ಮಾಡಿದರೆ ಹೇಳಲು ಪದವೇ ಇಲ್ಲ. ಪರದೆ ಎಂದರೆ 80 ಮನೆ, 24 ಸಾಲು ಎಂದಿದ್ದ ಕಾಲಕ್ಕೆ ಅದು ಧಾರಾಳವೇ. ದೊಡ್ಡ ಪರದೆ ಕೊಂಡವರೆಲ್ಲ ಈ 223ಕ್ಕೆ ಎಡವಿ ಬೈದುಕೊಂಡಿದ್ದಾರೆ. ನಮ್ಮ ಪರದೆ 160 ಮನೆಯದು, ಆ ಗೋಡೆ ನಮಗೆ ಇನ್ನೂ ದೂರ.

ನಾವು ಎಡವಿದ್ದು ಅದಕ್ಕೂ ಮೊದಲು, ನಾನೇ ಇಟ್ಟ ಹೊಸಿಲಿಗೆ. 96ಕ್ಕೆ 32 ಸೇರಿಸಿದರೆ 128. ಆಸ್ಕಿ 127ಕ್ಕೆ ಮುಗಿಯುತ್ತದೆ. ಯುಟಿಎಫ್-8ರ ವ್ಯಾಕರಣದಲ್ಲಿ 128ರಿಂದ 191ರವರೆಗಿನ ಬೈಟುಗಳು ಪ್ರತ್ಯಯಗಳಿದ್ದ ಹಾಗೆ, ಒಂಟಿಯಾಗಿ ಬರುವಂತಿಲ್ಲ, ಮುಂದೊಂದು ಮುಖ್ಯ ಬೈಟ್ ಇರಲೇಬೇಕು. ಒಂಟಿಯಾಗಿ ಬಂದದ್ದನ್ನು ಕಸವೆಂದು ಬಿಸಾಡು ಎಂದು ನಾನೇ ಬರೆದಿದ್ದೆ. ಬರೆದಾಗ ಹೆಮ್ಮೆಯೇ ಆಗಿತ್ತು, ಕನ್ನಡ ಎಷ್ಟು ಶುದ್ಧವಾಗಿ ಒಳಗೆ ಬರುತ್ತದೆ ಎಂದು. ಅದೇ ಬಾಗಿಲಿನಿಂದ ಮೌಸೂ ಬರುತ್ತದೆ ಎಂಬುದು ಹೊಳೆದಿರಲಿಲ್ಲ.

ಈಗ ಅಪ್ಪ 12ನೇ ಸಾಲಿನ 110ನೇ ಮನೆಯಲ್ಲಿ ಒತ್ತುತ್ತಾರೆ ಅನ್ನಿ. ಟರ್ಮಿನಲ್ ಕಳಿಸುವುದು 142 ಮತ್ತು 44. 142 ಕಸ, ಹೋಯಿತು. ಮನೆಯ ಸಂಖ್ಯೆಗೆ ಕಾಯುತ್ತಿದ್ದ ಎಡಿಟರ್ 44ನ್ನು ಹಿಡಿದು, 32 ಕಳೆದು, ಮನೆ 12 ಎಂದುಕೊಳ್ಳುತ್ತದೆ. ಸಾಲಿನ ಸಂಖ್ಯೆ ಇನ್ನೂ ಬರಬೇಕು. ಬರುವವರೆಗೆ ಕಾಯುತ್ತದೆ, ಗೆಳತಿ ಬರೆದಿದ್ದೇ ಹಾಗೆ. ಅಪ್ಪನ ಕಣ್ಣು ಆಗಲೇ ಕೀಲಿಮಣೆಯ ಮೇಲಿದೆ. ‘ಕ’ ಒತ್ತುತ್ತಾರೆ. ಯುನಿಕೋಡಿನಲ್ಲಿ ಕ ಎಂದರೆ 3221. ಅದರಿಂದ 32 ಕಳೆದರೆ 3189. ಎಡಿಟರ್‌ಗೆ ಬೇಕಾಗಿದ್ದ ಸಾಲು ಸಿಕ್ಕಿತು: 3189ನೇ ಸಾಲು. ಅಷ್ಟು ಸಾಲು ಇಲ್ಲ, ಆದ್ದರಿಂದ ಇದ್ದುದರಲ್ಲಿ ಕೊನೆಯದು. ಮನೆ 12 ಎಡಭಾಗದ್ದು, ಆದ್ದರಿಂದ ಆ ಸಾಲಿನ ಮೊದಲಿಗೆ. ಪದದ ಉಳಿದ ಭಾಗವೆಲ್ಲ ಅಲ್ಲಿ ಹೋಗಿ ಬೀಳುತ್ತದೆ. ತಲೆ ಎತ್ತಿದ ಅಪ್ಪನಿಗೆ ತಿದ್ದಿದ ಜಾಗದಲ್ಲಿ ಏನೂ ಕಾಣುವುದಿಲ್ಲ. ಕೆಲವೊಮ್ಮೆ ಕರ್ಸರ್ ಬರಲಿಲ್ಲವೆಂದು ಎರಡನೇ ಸಲ ಒತ್ತಿರುತ್ತಾರೆ. ಆಗ ಎರಡನೇ ಕ್ಲಿಕ್ಕಿನ ಎಸ್ಕೇಪನ್ನೇ ಸಾಲಿನ ಸಂಖ್ಯೆಯೆಂದು ತಿಳಿದು ಕರ್ಸರ್ ಮೊದಲ ಸಾಲಿಗೆ ಹೋಗುತ್ತದೆ. ಉಳಿದ ಕಂಸ, ಎಂ, ತೆರಪು, 44 ಎಂಬ ಅಲ್ಪವಿರಾಮ, ಎಲ್ಲ ಅಪ್ಪನೇ ಬರೆದರೆಂಬಂತೆ ಕಡತಕ್ಕಿಳಿಯುತ್ತವೆ.

ರಾತ್ರಿ ಎರಡು ಗಂಟೆಗೆ ಕಾಗದದ ಮೇಲೆ ಇಷ್ಟನ್ನು ಬರೆದು ಮುಗಿಸಿದಾಗ ನಗು ಬಂತು. ಆಮೇಲೆ ಬಾಲ್ಕನಿಯ ಕುರ್ಚಿ ನೆನಪಾಯಿತು.

ಇದಕ್ಕೆ ಪರಿಹಾರ ನಾನು ಕಂಡುಹಿಡಿಯಬೇಕಾದ್ದೇನೂ ಇರಲಿಲ್ಲ. 223ರ ಗೋಡೆ ದಾಟಲು ಹಿಂದೆಯೇ ಒಂದೆರಡು ಉಪಾಯ ಬಂದಿವೆ. 1005 ಎಂಬ ಕ್ರಮ ದೊಡ್ಡ ಸಂಖ್ಯೆಗಳನ್ನು ಯುಟಿಎಫ್-8ರಲ್ಲೇ ಬರೆಯುತ್ತದೆ. ಅದು ಅರೆಬರೆ ಉಪಾಯ, ಬಂದದ್ದು ಕ್ಲಿಕ್ಕೋ ಅಕ್ಷರವೋ ಎಂಬ ಗೊಂದಲ ಹಾಗೇ ಉಳಿಯುತ್ತದೆ. 1006 ಎಂಬುದು ಸರಿಯಾದದ್ದು. ಅದರಲ್ಲಿ ಸಂಖ್ಯೆಗಳನ್ನು ನಾವು ಬರೆಯುವ ಹಾಗೆ ಅಂಕಿಗಳಲ್ಲೇ ಬಿಡಿಸಿ ಹೇಳುತ್ತಾರೆ: 0;110;12, ಕೊನೆಗೊಂದು ಎಂ. ಎಲ್ಲ ಅಚ್ಚ ಆಸ್ಕಿ, ನನ್ನ ಕನ್ನಡದ ಬಾಗಿಲಿಗೆ ಅಡ್ಡಿಯಿಲ್ಲ, ಮನೆ ಎಷ್ಟಿದ್ದರೂ ಸರಿ. ಇನ್ನೊಂದು ವ್ಯತ್ಯಾಸವಿದೆ. ಗೆಳತಿ ಕೇಳಿಕೊಂಡಿದ್ದದ್ದು ಎಲ್ಲಕ್ಕಿಂತ ಹಳೆಯ 9ನೇ ಕ್ರಮ, ಅದು ಗುಂಡಿ ಒತ್ತಿದ್ದನ್ನಷ್ಟೇ ಹೇಳುತ್ತದೆ. 1000ದ ಜೊತೆ 1006 ಸೇರಿಸಿ ಕೇಳಿದರೆ ಒತ್ತಿದಾಗ ದೊಡ್ಡ ಎಂ, ಬಿಟ್ಟಾಗ ಸಣ್ಣ ಎಂ ಬರುತ್ತದೆ, ಎರಡರ ಜೊತೆಗೂ ಮನೆ ಸಾಲುಗಳ ಸಂಖ್ಯೆ ಇರುತ್ತದೆ. ಎಲ್ಲಿ ಒತ್ತಿದರು, ಎಲ್ಲಿ ಬಿಟ್ಟರು, ಎರಡೂ. ಬಿಟ್ಟದ್ದು ನನಗೆ ಬೇಕಿರಲಿಲ್ಲ, ಬಂದದ್ದು ಬರಲಿ ಎಂದು ಬಿಟ್ಟೆ.

ಬರೆದದ್ದು ಐವತ್ತು ಸಾಲೂ ಇಲ್ಲ. ಅದರಲ್ಲೂ ಒಂದು ತಪ್ಪು ಮಾಡಿದೆ. ಎಸ್ಕೇಪ್ ಬಂದ ಮೇಲೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಾದು, ಮುಂದಿನದು ಬರದಿದ್ದರೆ ಬರೀ ಎಸ್ಕೇಪ್ ಕೀಲಿ ಎಂದುಕೊಳ್ಳುವಂತೆ ಮಾಡಿದ್ದೆ. ಕಡತಗಳಿರುವುದು ನನ್ನ ಕಂಪ್ಯೂಟರಿನಲ್ಲಿ, ಅಪ್ಪನ ಲ್ಯಾಪ್‌ಟಾಪ್ ಮನೆಯ ವೈಫೈ ಮೂಲಕ ಅದಕ್ಕೆ ಸೇರುತ್ತದೆ. ವೈಫೈ ಒಮ್ಮೆ ಬಿಕ್ಕಿದರೆ ಕ್ಲಿಕ್ ಎರಡು ತುಂಡಾಗಿ ಬರುತ್ತದೆ, ಹಿಂದಿನ ತುಂಡು ‘110;12’ ಎಂದು ಗರ್ಭಿಣಿಯರ ಆಹಾರದ ಪಟ್ಟಿಯೊಳಗೆ ಕೂರುತ್ತದೆ. ಬಂದಷ್ಟನ್ನು ಕೈಯಲ್ಲಿ ಹಿಡಿದು ಉಳಿದದ್ದಕ್ಕೆ ಕಾಯಬೇಕು, ಆದರೆ ಹಾಗೆ ಕಾಯುವುದು ಮೌಸಿನ ಮಾತು ಎಂದು ಖಾತ್ರಿಯಾದ ಮೇಲೆ ಮಾತ್ರ. ಅದಕ್ಕೆ ಇನ್ನೊಂದು ದಿನ ಹೋಯಿತು. ನಡುವೆ ಎಡಿಟರ್ ಮುರಿದು ಬಿದ್ದಾಗಲೆಲ್ಲ ಮೌಸ್ ವರದಿ ನಿಲ್ಲದೆ, ಎಲ್ಲಿ ಕ್ಲಿಕ್ ಮಾಡಿದರೂ ಪರದೆ ತುಂಬ ಅಂಕಿಗಳು ಕೋಳಿ ಕೆದರಿದ ಹಾಗೆ ಚೆಲ್ಲುತ್ತಿದ್ದವು.

ಇಷ್ಟಾದ ಮೇಲೂ ಕರ್ಸರ್ ಒತ್ತಿದ ಜಾಗಕ್ಕೆ ಬರಲಿಲ್ಲ. ಸಾಲು ಸರಿ, ಮನೆ ಸರಿ, ಅಕ್ಷರ ತಪ್ಪು. ಸಾಲಿನ ಮೊದಲಲ್ಲಿ ಒಂದು ಅಕ್ಷರ ಹಿಂದೆ, ಕೊನೆಯ ಹೊತ್ತಿಗೆ ಏಳೆಂಟು ಅಕ್ಷರ ಹಿಂದೆ. ಮತ್ತೆ ಕ್ರಮ, ಮತ್ತೆ ವ್ಯಾಕರಣ. ಈ ಸಲ ನನಗೆ ಖುಷಿಯೇ ಆಯಿತು, ಇದು ನನ್ನ ಊರು.

‘ಪ್ರಶ್ನೆ’ ತೆಗೆದುಕೊಳ್ಳಿ. ನಮಗದು ಎರಡು ಅಕ್ಷರ. ಯುನಿಕೋಡಿಗೆ ಏಳು ಸಂಕೇತ: ಪ, ವಿರಾಮ, ರ, ಶ, ವಿರಾಮ, ನ, ಎತ್ವ. ಟರ್ಮಿನಲ್ ಅದಕ್ಕೆ ಕೊಡುವುದು ನಾಲ್ಕು ಮನೆ. ಛಂದಸ್ಸಿನವರನ್ನು ಕೇಳಿದರೆ ಗುರು ಒಂದು, ಲಘು ಒಂದು, ಒಟ್ಟು ಮೂರು ಮಾತ್ರೆ. ನಾಲ್ಕು ಜನ, ನಾಲ್ಕು ಲೆಕ್ಕ. ಬಾಣದ ಕೀಲಿಗಳ ಲೆಕ್ಕದಲ್ಲಿ ನಾನು ಮನೆಗಳನ್ನು ಸರಿಯಾಗಿ ಎಣಿಸಿದ್ದೆ. ಮೌಸಿನ ಲೆಕ್ಕ ಬೇರೆ ಕಡೆ, ಗೆಳತಿಯ ಕಾಲದ್ದು, ಅದು ಸಂಕೇತಗಳನ್ನೇ ಮನೆಗಳೆಂದುಕೊಂಡಿತ್ತು. ಏಳಕ್ಕೂ ನಾಲ್ಕಕ್ಕೂ ಇರುವ ಅಂತರ ಪದದಿಂದ ಪದಕ್ಕೆ ಬೆಳೆಯುತ್ತ ಹೋಗುತ್ತದೆ.

ಟರ್ಮಿನಲ್ ಮನೆಗಳನ್ನು ಹಂಚುವ ಹಳೆಯ ಕ್ರಮ ಮಾರ್ಕಸ್ ಕುನ್ ಎಂಬವರು ಬರೆದ ಒಂದು ಪುಟ್ಟ ಪ್ರೋಗ್ರಾಮಿನಲ್ಲಿದೆ, ಅದನ್ನು ನಕಲು ಮಾಡಿಕೊಂಡ ತಂತ್ರಾಂಶಗಳು ಬಹಳ. ಯುನಿಕೋಡ್ ಕೆಲವು ಸ್ವರಚಿಹ್ನೆಗಳನ್ನು ‘ಜಾಗ ಹಿಡಿಯದವು’ ಎಂದೂ ಕೆಲವನ್ನು ‘ಜಾಗ ಹಿಡಿಯುವವು’ ಎಂದೂ ವಿಂಗಡಿಸಿದೆ. ಮೊದಲನೆಯವಕ್ಕೆ ಸೊನ್ನೆ ಮನೆ, ಎರಡನೆಯವಕ್ಕೆ ಒಂದು. ಹಾಗಾಗಿ ಕಿ ಒಂದು ಮನೆ, ಕೀ ಎರಡು. ಕೆ ಒಂದು, ಕೇ ಎರಡು. ಕ ಒಂದು, ಕಾ ಎರಡು, ಕಂ ಎರಡು. ಇದನ್ನು ಮೊದಲ ಸಲ ಪಟ್ಟಿ ಮಾಡಿದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಲಘು ಒಂದು, ಗುರು ಎರಡು! ಎಲ್ಲೋ ದೂರದಲ್ಲಿ ಯಾರೋ ಗೊತ್ತಿಲ್ಲದೆ ಕನ್ನಡಕ್ಕೆ ಮಾತ್ರೆ ಎಣಿಸಿಬಿಟ್ಟರೇ? ಖುಷಿ ಮುಂದಿನ ಸಾಲಿನವರೆಗೆ ಮಾತ್ರ. ಕು ಎರಡು ಮನೆ. ಕೊ ಕೂಡ ಎರಡು. ಕೌ ಒಂದು. ಚಿಹ್ನೆ ಅಕ್ಷರದ ತಲೆಯ ಮೇಲೆ ಕೂರುತ್ತದೋ ಪಕ್ಕಕ್ಕೆ ಚಾಚುತ್ತದೋ ಎಂಬುದಷ್ಟೇ ಆ ವಿಂಗಡಣೆಯಲ್ಲಿ ಕಾಣುವ ತರ್ಕ, ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ.

ಮನೆಯಿಂದ ಸಂಕೇತಕ್ಕೆ, ಸಂಕೇತದಿಂದ ಅಕ್ಷರಕ್ಕೆ. ಎರಡನೇ ಹೆಜ್ಜೆಯೂ ಬೇಕು, ಇಲ್ಲದಿದ್ದರೆ ಕರ್ಸರ್ ‘ಪ್ರ’ದ ಹೊಟ್ಟೆಯೊಳಗೆ, ವಿರಾಮಕ್ಕೂ ರಕಾರಕ್ಕೂ ನಡುವೆ ಹೋಗಿ ನಿಲ್ಲುತ್ತದೆ. ಒತ್ತಕ್ಷರವನ್ನು ಒಂದು ಘಟಕವೆಂದು ಎಣಿಸುವ ನಿಯಮವನ್ನು ಯುನಿಕೋಡ್ 2023ರ 15.1ನೇ ಆವೃತ್ತಿಯಲ್ಲಿ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. (ಹೈದರಾಬಾದಿನ ಓದುಗರೇ, ನಿಮ್ಮ ನೆರೆಮನೆಯವರಿಗೆ ಹೇಳಬೇಡಿ.) ನಿಯಮ ನಾನೇ ಬರೆದುಕೊಂಡೆ: ವಿರಾಮದ ಮುಂದೆ ವ್ಯಂಜನ ಬಂದರೆ ಅದು ಅದೇ ಅಕ್ಷರದ್ದು. ‘ಲ್ಯಾಪ್‌ಟಾಪ್’ ಎಂಬಲ್ಲಿ ಪ ಮತ್ತು ಟ ಕೂಡದಂತೆ ನಾವು ನಡುವೆ ಹಾಕುವ ಕಾಣದ ಸಂಕೇತವೊಂದಿದೆಯಲ್ಲ, ಅದಿದ್ದರೆ ಮಾತ್ರ ಬಿಡಿ.

ಒಂಬತ್ತು ದಿನ ಹಿಡಿಯಿತು. ಹತ್ತನೇ ದಿನ ಬೆಳಿಗ್ಗೆ ಚಹಾ ಹೊತ್ತಿಗೆ ಅಪ್ಪನ ಮುಂದೆ ಕಾಗದ ಇಟ್ಟು, 142, 44, 3189 ಎಲ್ಲವನ್ನೂ ಬಿಡಿಸಿ ಹೇಳಿದೆ. “ಅಪ್ಪಾ, ತಪ್ಪು ನಿಮ್ಮದಲ್ಲ. ನಂದು. ನಾ ಬರದದ್ದರಾಗ ಇತ್ತು” ಅಂದೆ. ಅಪ್ಪ ಕಾಗದವನ್ನು ಪ್ರೂಫ್ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದರು. “ಮೊಳೆ ಕಾಲದಾಗೂ ಹಿಂಗ ಆಗತಿತ್ತು. ಕಂಪೋಸಿಟರ್ ಬ್ಯಾರೆ ಖಾನೇದಾಗ ಮೊಳೆ ತಿರುಗಿ ಹಾಕಿಟ್ಟಿರತಿದ್ದ, ಬೈಗಳಾ ನಮಗ” ಎಂದರು. ಅಂದು ಮಧ್ಯಾಹ್ನ ಕೂತು ಹನ್ನೊಂದು ಪುಟ ತಿದ್ದಿದರು. “ಈಗ ಚಲೋ ಆಗೇದ. ಇಟ್ಟಲ್ಲೇ ನಿಲ್ಲತದ.”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪರೀಕ್ಷೆಗೆಂದು, ಬಂದ ಪ್ರತಿ ಕ್ಲಿಕ್ಕನ್ನೂ ಒಂದು ಕಡತಕ್ಕೆ ಬರೆದಿಡುವಂತೆ ಮಾಡಿದ್ದೆ. ಒಂದು ವಾರದ ನಂತರ ಅದನ್ನು ತೆರೆದೆ. ತಲೆಯಿಲ್ಲದ ಪದ ಒಂದೂ ಇರಲಿಲ್ಲ. ಒತ್ತಿದ್ದು ಬಿಟ್ಟದ್ದು ಜೋಡಿಜೋಡಿಯಾಗಿ ಸಾಲಾಗಿದ್ದವು. ನನ್ನ ಕ್ಲಿಕ್ಕುಗಳೂ ಅದರಲ್ಲಿದ್ದವು: 104ರಲ್ಲಿ ಒತ್ತಿ 104ರಲ್ಲಿ ಬಿಟ್ಟದ್ದು, 131ರಲ್ಲಿ ಒತ್ತಿ 131ರಲ್ಲಿ ಬಿಟ್ಟದ್ದು. ಅಪ್ಪನವು ಹಾಗಿರಲಿಲ್ಲ. 110ರಲ್ಲಿ ಒತ್ತಿ 113ರಲ್ಲಿ ಬಿಟ್ಟದ್ದು. 97, 96. 122, 126, ಸಾಲೂ ಒಂದು ಕೆಳಗೆ. 140, 140. 118, 114. ಬೆಳಗಿನವು ಸ್ವಲ್ಪ ಹತ್ತಿರ, ಸಂಜೆಯವು ದೂರ, ಆದರೆ ಅದೂ ಎಲ್ಲ ದಿನ ಅಲ್ಲ. ಕ್ರಮ ಹುಡುಕಿದೆ. ಎಡವೋ ಬಲವೋ, ಮನೆಯ ಸಂಖ್ಯೆಗೆ ತಕ್ಕಂತೆ ಬೆಳೆಯುತ್ತದೋ, ಸಾಲಿಗೆ ತಕ್ಕಂತೆಯೋ. ಎರಡು ರಾತ್ರಿ ಹುಡುಕಿದೆ. ನನ್ನ ಪ್ರೋಗ್ರಾಮಿನಲ್ಲಿ ಇನ್ನೊಂದು ತಪ್ಪಿರಲಿ ಎಂದು ಅಷ್ಟೊಂದು ಆಸೆಪಟ್ಟದ್ದು ಅದೇ ಮೊದಲು. ಕ್ರಮ ಇರಲಿಲ್ಲ.

ಅಪ್ಪ ಪಾರ್ಕಿಗೆ ಹೋದಾಗ ಪುಟದ ಲೆಕ್ಕದ ನೋಟುಬುಕ್ ತೆಗೆದೆ. ಎರಡು ವರ್ಷದ ಹಿಂದಿನ ಅಂಕಿಗಳು ನನಗೆ ಗೊತ್ತಿದ್ದ ಅಂಕಿಗಳು, ದುಂಡಗೆ, ಗೆರೆಯಿಂದ ಗೆರೆಗೆ ತುಂಬಿಕೊಂಡು. ಪುಟ ತಿರುಗಿಸಿದಂತೆ ಅವು ಸಣ್ಣಗಾಗುತ್ತ ಹೋಗಿದ್ದವು. ಈ ತಿಂಗಳಿನವನ್ನು ಓದಲು ಬೆಳಕಿಗೆ ಹಿಡಿಯಬೇಕಾಯಿತು. ಕಾಗದ ಬೇಡ, ಸ್ಕ್ರೀನ್ ಮೇಲೇ ತಿದ್ದುತ್ತೇನೆ ಅಂದಿದ್ದ ತಿಂಗಳ ಪುಟ ಹುಡುಕಿದೆ. ಅಕ್ಷರ ಕುಗ್ಗಲು ಶುರುವಾದದ್ದು ಅದಕ್ಕೂ ಎರಡು ತಿಂಗಳು ಮೊದಲು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. “ಅಪ್ಪಾ, ಕೈ ನಡಗತದೇನು?”

“ಗೊತ್ತದ,” ಅಂದರು. ಭಕ್ಕರಿ ಮುರಿಯುತ್ತಿದ್ದ ಕೈಯನ್ನು ತಾಟಿನ ಅಂಚಿಗೆ ಊರಿಕೊಂಡರು. “ಪೆನ್ನು ಹಿಡಿಯೂದು ಆಗಲಾರದಕ್ಕ ಮೌಸ್ ಕೇಳಿದೆ. ಅದೂ ಹಂಗ ಮಾಡಾಕ ಹತ್ತಿದ ಮ್ಯಾಲೆ, ಇನ್ನ ಮುಗೀತು ಅಂದುಕೊಂಡಿದ್ದೆ. ನೀ ಅದು ಕಂಪ್ಯೂಟರಿಂದು ಅಂದಿ. ನಂಗ ಹಗೂರಾತು.”

ಎಡಿಟರಿನಲ್ಲಿ ಮಾಡಬಹುದಾದ್ದನ್ನು ಮಾಡಿದ್ದೇನೆ. ಒತ್ತಿದ ಜಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಬಿಟ್ಟ ಜಾಗ ನೋಡುವುದಿಲ್ಲ. ಪದದ ಪಕ್ಕದ ತೆರಪಿನಲ್ಲಿ ಒತ್ತಿದರೆ ಹತ್ತಿರದ ಪದಕ್ಕೆ ಸರಿಯುತ್ತದೆ. ಅಕ್ಷರ ಇನ್ನೂ ದೊಡ್ಡದು ಮಾಡಿದ್ದರಿಂದ ಪರದೆ ಈಗ 120 ಮನೆಗಳದ್ದು. ಕ್ಲಿಕ್ಕುಗಳ ಕಡತವನ್ನು ಅಳಿಸಿಲ್ಲ, ದಿನಾಂಕ ಸಮೇತ ಪ್ರಿಂಟ್ ತೆಗೆದು ನೋಟುಬುಕ್ಕಿನೊಳಗೆ ಇಟ್ಟಿದ್ದೇನೆ. ನರರೋಗದ ಡಾಕ್ಟರು ಗುರುವಾರ ಹತ್ತೂವರೆಗೆ ಬರಲು ಹೇಳಿದ್ದಾರೆ. ಏಳನೇ ಅಧ್ಯಾಯದ ಆರು ಪುಟ ಉಳಿದಿವೆ. ಅವನ್ನು ಮುಗಿಸಿಯೇ ಹೋಗೋಣ ಎಂದು ಅಪ್ಪ ಈಗ ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ. ಒಂದು ಕ್ಲಿಕ್, ಸ್ವಲ್ಪ ಮೌನ, ಆಮೇಲೆ ಒಂದೊಂದೇ ಕೀಲಿಯ ಸದ್ದು ಕೇಳಿಸುತ್ತಿದೆ.